ಭಾಗಿಯ ಕೈ ಓದಿದ ಮೀನು

ಒಂದು ತಿಂಗಳು ಬಾಯಿ ಮುಚ್ಚಿಕೊಂಡಿರಬಲ್ಲ ಗಂಡಸು ಯಾರಾದರೂ ಇದ್ದಾನೆಯೇ ಎಂದು ಗಂಗೊಳ್ಳಿಯ ಹೆಂಗಸರನ್ನು ಕೇಳಿ ನೋಡಿ. ಇದ್ದಾನೆ, ಆದರೆ ನೀರಿನೊಳಗಿದ್ದಾನೆ ಎನ್ನುತ್ತಾರೆ. ಅವನೇ ತೇಡೆ ಮೀನಿನ ಗಂಡು. ಮೈಮೇಲೆ ಹುರುಪೆಯಿಲ್ಲದ, ಮೂತಿಗೆ ಮೀಸೆಯಿರುವ ಈ ಜಾತಿಯಲ್ಲಿ ಹೆಣ್ಣು ಗೋಲಿ ಗಾತ್ರದ ಮೊಟ್ಟೆಗಳನ್ನಿಟ್ಟು ತನ್ನ ಪಾಡಿಗೆ ಹೊರಟುಬಿಡುತ್ತದೆ. ಗಂಡು ಅವನ್ನೆಲ್ಲ ಬಾಯೊಳಗೆ ತುಂಬಿಕೊಂಡು, ಮರಿಗಳು ಈಜಿ ಹೋಗುವ ತನಕ ಒಂದು ತುತ್ತೂ ನುಂಗದೆ ಉಪವಾಸ ಕೂರುತ್ತದೆ. ಇಷ್ಟು ಹೇಳಿ ಆ ಹೆಂಗಸರು ತಮ್ಮ ಗಂಡಂದಿರ ಕಡೆ ಒಮ್ಮೆ ನೋಡುವುದೂ ಉಂಟು.

ಆ ಮುಚ್ಚಿದ ಬಾಯನ್ನು ನೋವಾಗದಂತೆ ತೆರೆಸುವುದು ಭಾಗಿಯ ಕೆಲಸ. ಮೂವತ್ತು ವರ್ಷ ಬಂದರಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಮೀನು ಕೊಯ್ದವಳು, ಈಗ ಎರಡು ವರ್ಷದಿಂದ ಹೊಳೆಬಾಯಿಯ ಪಕ್ಕದ ಕಡಲಜೀವಿ ಕೇಂದ್ರಕ್ಕೆ ಹೋಗುತ್ತಿದ್ದಳು. ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದಾಗ ಬಲೆಗೆ ಬೀಳುವ ಗಂಡು ತೇಡೆಗಳನ್ನು ಜೀವಂತ ತಂದು ತೊಟ್ಟಿಗೆ ಬಿಡುತ್ತಿದ್ದರು. ಭಾಗಿ ಮೀನನ್ನು ಎಡಗೈಯಲ್ಲಿ ನೀರಿನೊಳಗೇ ಹಿಡಿದು, ಬಲಗೈಯ ಬೆರಳನ್ನು ಬಾಯೊಳಗೆ ತೂರಿಸಿ, ಒಂದೊಂದೇ ಮೊಟ್ಟೆಯನ್ನು ಹೊರಗೆ ತರುತ್ತಿದ್ದಳು. ಕೇಂದ್ರದ ಬೇರೆಯವರು ಕೈ ಹಾಕಿದರೆ ಮೀನು ಗಾಬರಿಯಿಂದ ಎಲ್ಲವನ್ನೂ ಉಗುಳುತ್ತಿತ್ತು, ಇಲ್ಲವೇ ನುಂಗಿಬಿಡುತ್ತಿತ್ತು. ಭಾಗಿಯ ಕೈಗೆ ಮಾತ್ರ ಅದು ಸುಮ್ಮನಿರುತ್ತಿತ್ತು.

ಏಕೆಂದರೆ ಆ ಬಲಗೈ ಎಲ್ಲರ ಕೈಯ ಹಾಗಿರಲಿಲ್ಲ. ನಡುಬೆರಳು, ಉಂಗುರಬೆರಳು ಎರಡೂ ಬುಡದಿಂದ ಉಗುರಿನ ತನಕ ಕೂಡಿಕೊಂಡಿದ್ದವು. ಮೀನಿನ ನಾಲಗೆಯನ್ನು ಮೆಲ್ಲನೆ ಅದುಮಿ ಮೊಟ್ಟೆಯನ್ನು ಎತ್ತಿಕೊಳ್ಳಲು ಅದು ಹದವಾದ ಸಟ್ಟುಗ. ಆದರೆ ಬಂದರಿನಲ್ಲಿ ಅವಳು ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಿದ್ದಳು. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ಅವಳು ತೇಡೆ ಭಾಗಿ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನೀಲಾಂಬಿಕಾ ಅಂಗಡಿ ಗದಗಿನ ಕಡೆಯವರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಕೋಳಿಮೊಟ್ಟೆಯನ್ನೂ ಮುಟ್ಟಿದವರಿಲ್ಲ. ಅಂಥ ಮನೆಯ ಮಗಳು ಮೀನಿನ ಮೊಟ್ಟೆಯ ಮುಂದೆ ಜೀವ ತೇಯುತ್ತ ಕೂತದ್ದನ್ನು ಕಂಡು ಗಂಗೊಳ್ಳಿಯವರಿಗೆ ನಗು. ಆದರೆ ಅವರು ಮಾಡಿಸಿದ ಪೆಟ್ಟಿಗೆಯನ್ನು ಒಮ್ಮೆ ನೋಡಿದವರು ಯಾರೂ ಮತ್ತೆ ನಗಲಿಲ್ಲ.

ಭಾಗಿ ಅದನ್ನು ಮೊದಲು ನೋಡಿದ ದಿನ ಡಾಕ್ಟರು ಅವಳಿಗೆ ತಿಳಿಯುವ ಹಾಗೆ ಹೇಳಿದ್ದರು. ಪ್ರತಿ ಜೀವಿಯ ಮೈಯ ಪ್ರತಿ ಜೀವಕಣದಲ್ಲೂ ಒಂದು ದೊಡ್ಡ ಪುಸ್ತಕವಿದೆ. ಆದರೆ ಎಲ್ಲ ಕಣವೂ ಎಲ್ಲ ಸಾಲನ್ನೂ ಓದುವುದಿಲ್ಲ. ಕಣ್ಣಾಗುವ ಕಣ ಕಣ್ಣಿನ ಸಾಲು ಓದುತ್ತದೆ, ಬಾಲವಾಗುವ ಕಣ ಬಾಲದ್ದನ್ನು ಓದುತ್ತದೆ. ಪೆಟ್ಟಿಗೆಯೊಳಗೆ ಮೊಟ್ಟೆಯಿಟ್ಟರೆ ಆ ಕ್ಷಣದಲ್ಲಿ ಎಲ್ಲೆಲ್ಲಿ ಯಾವ ಸಾಲು ಓದಲಾಗುತ್ತಿದೆಯೋ ಅಲ್ಲಲ್ಲಿ ಬೆಳಕು ಹತ್ತುತ್ತದೆ. ಇಷ್ಟೇ ಆಗಿದ್ದರೆ ಅಂಥ ಯಂತ್ರ ಬೇರೆ ಕಡೆಯೂ ಇರುತ್ತಿತ್ತು. ಈ ಪೆಟ್ಟಿಗೆ ಪ್ರತಿ ಸಾಲನ್ನೂ ಮೂರು ಸಾವಿರ ಜಾತಿಯ ಮೀನು, ಕಪ್ಪೆ, ಓತಿ, ಹಕ್ಕಿ, ಮನುಷ್ಯರ ಪುಸ್ತಕಗಳೊಂದಿಗೆ ಹೋಲಿಸಿ ನೋಡುತ್ತಿತ್ತು. ತೇಡೆಯಲ್ಲಿ ಮಾತ್ರ ಇರುವ ಸಾಲು ಹೊಸದು, ಅದಕ್ಕೆ ಹಳದಿ. ಎಲ್ಲ ಮೀನಿನಲ್ಲೂ ಇದ್ದರೆ ಹಳೆಯದು, ಹಸಿರು. ಮೀನಿನಿಂದ ಮನುಷ್ಯರ ತನಕ ಎಲ್ಲರಲ್ಲೂ ಇದ್ದರೆ ಅದು ಅಜ್ಜನ ಅಜ್ಜನ ಕಾಲದ್ದು, ಅದಕ್ಕೆ ಕಡುನೀಲಿ.

ಭಾಗಿ ಪೆಟ್ಟಿಗೆಯ ಪರದೆಯಲ್ಲಿ ನೋಡಿದಳು. ಮೀಸೆ ಹುಟ್ಟುವಲ್ಲಿ ಹಳದಿ ಚುಕ್ಕೆಗಳು ಮಿನುಗುತ್ತಿದ್ದವು. ಬೆನ್ನಿನುದ್ದಕ್ಕೂ ಹಸಿರು ಹರಿಯುತ್ತಿತ್ತು. ಕಿವಿರಿನ ಹಿಂದೆ, ಇನ್ನೂ ರೆಕ್ಕೆಯಾಗದ ಒಂದು ಪುಟ್ಟ ಮೊಗ್ಗಿನ ಅಂಚಿನಲ್ಲಿ ಮಾತ್ರ ಕಡುನೀಲಿ ಗೆರೆಯೊಂದು ಉಸಿರಾಡುವಂತೆ ಹೆಚ್ಚುತ್ತ ಕುಗ್ಗುತ್ತ ಇತ್ತು. ಡಾಕ್ಟರು ಪಕ್ಕದಲ್ಲಿ ಇನ್ನೊಂದು ಚಿತ್ರ ತೆರೆದರು. ಅದೇ ಮೊಗ್ಗು, ಅದೇ ಅಂಚು, ಅದೇ ನೀಲಿ.

"ಇದ್ ಯಾವ್ ಮೀನ್ ಡಾಕ್ಟ್ರಮ್ಮ?"

"ಇದು ಮೀನಲ್ರೀ ಭಾಗಕ್ಕ. ಮನಷ್ಯಾರ ಕೂಸಿನ ಕೈ. ತಾಯಿ ಹೊಟ್ಟ್ಯಾಗ ಐದನೇ ವಾರದಾಗ ಹಿಂಗ ಇರತೈತಿ. ಹಳೇ ದಾಖಲೆದಾಗಿಂದು."

 ಅಂದು ಭಾಗಿ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರ ಕೈಗಳನ್ನೆಲ್ಲ ನೋಡುತ್ತ ಹೋದಳು.

ಎರಡು ವರ್ಷದಿಂದಲೂ ಡಾಕ್ಟರಿಗೆ ಒಂದೇ ತಲೆನೋವು. ಗಾಜಿನ ತಟ್ಟೆಯಲ್ಲಿಟ್ಟ ಮೊಟ್ಟೆಗಳು ಹನ್ನೆರಡನೆಯ ದಿನಕ್ಕೆ ಬಿಳಿಚಿಕೊಂಡು ಸಾಯುತ್ತಿದ್ದವು. ರೆಕ್ಕೆಯಲ್ಲಿ ಕಡ್ಡಿಗಳು ಮೂಡಬೇಕಾದ್ದು ಅದೇ ಹೊತ್ತಿಗೆ. ನೀರು ಬದಲಿಸಿದರು, ಗಾಳಿ ಹೆಚ್ಚಿಸಿದರು, ಉಪ್ಪು ಕಡಿಮೆ ಮಾಡಿದರು. ಬಾಗಿಲ ತನಕ ಬಂದ ನೆಂಟರು ಒಳಗೆ ಬಾರದೆ ತಿರುಗಿ ಹೋದಂತಾಗುತ್ತಿತ್ತು.

ಭಾಗಿಯ ತಲೆನೋವು ಬೇರೆಯೇ ಇತ್ತು. ಅವಳ ಒಬ್ಬಳೇ ಮಗಳು ಸುಗಂಧಿ ಅಂಗನವಾಡಿಯ ಟೀಚರು, ಚೊಚ್ಚಲ ಬಸುರಿ. ಗಂಡ ಆಳಸಮುದ್ರದ ದೋಣಿಯಲ್ಲಿ ಹತ್ತು ಹದಿನೈದು ದಿನ ಹೋಗುವವನಾದ್ದರಿಂದ ಅವಳು ತಾಯಿಯ ಮನೆಯಲ್ಲೇ ಇದ್ದಳು. ಐದನೆಯ ತಿಂಗಳಲ್ಲಿ ಕುಂದಾಪುರದಲ್ಲಿ ಸ್ಕ್ಯಾನ್ ಮಾಡಿದವರು ಪರದೆ ತೋರಿಸಿ, ಮಗು ಚೆನ್ನಾಗಿದೆ, ಬಲಗೈಯ ನಡುವಿನ ಎರಡು ಬೆರಳು ಮಾತ್ರ ಕೂಡಿವೆ, ಹುಟ್ಟಿದ ಮೇಲೆ ಒಂದು ಸಣ್ಣ ಆಪರೇಷನ್ನಿನಲ್ಲಿ ಬಿಡಿಸಬಹುದು, ಹೆದರಬೇಡಿ ಎಂದರು. ಸುಗಂಧಿ ಆ ಪರದೆಯನ್ನು ನೋಡಿದಳು, ಪಕ್ಕದಲ್ಲಿ ಕುಳಿತ ತಾಯಿಯ ಸೆರಗನ್ನು ನೋಡಿದಳು. ಇಬ್ಬರೂ ರಿಕ್ಷಾದಲ್ಲಿ ಮನೆ ಮುಟ್ಟಿದರು.

ಅಡುಗೆಮನೆಯಲ್ಲಿ ಸುಗಂಧಿ ತಾಯಿಯ ಮೇಲೆ ಬಾಯಿ ಬಿಟ್ಟಳು.

"ಆ ಮೀನಿನ ಬಾಯಿಗೆ ಕೈ ಹಾಕಬ್ಯಾಡ ಅಂದ್ ಎಷ್ಟ್ ಸಲ ಹೇಳಿದ್ದೆ ಅಬ್ಬಿ! ಕೇಂಡ್ಯಾ ನೀನ್? ಅಜ್ಜಿ ಮಾಡಿದ್ದ್ ಸಾಲ್ದಾ? ಅಜ್ಜಿದ್ದ್ ನಿನ್ ಕೈಗ್ ಬಂತ್. ನಿಂದ್ ನನ್ ಶಿಶುಗೆ ಬಂತ್."

ಅಜ್ಜಿ ಮಾಡಿದ್ದು ಏನು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಭಾಗಿ ಹೊಟ್ಟೆಯಲ್ಲಿದ್ದಾಗ ಅವಳ ತಾಯಿ ಒಂದು ತೇಡೆಯನ್ನು ಮೆಟ್ಟುಗತ್ತಿಗೆ ಹಿಡಿದಿದ್ದಳು. ಮೀನಿನ ಬಾಯಿಂದ ಮೊಟ್ಟೆಗಳು ಅಂಗಳದ ತುಂಬ ಉರುಳಿದವು. ಬಸುರಿಯರು ಮೊಟ್ಟೆ ಹೊತ್ತ ಗಂಡನ್ನು ಕೊಯ್ಯಬಾರದು ಎಂಬುದು ಆ ಕೇರಿಯ ಹಳೆಯ ಮಾತು. ಅವಳು ಕೊಯ್ದಳು, ಸಾರೂ ಮಾಡಿದಳು. ಅದಾದ ನಾಲ್ಕು ತಿಂಗಳ ಮೇಲೆ ಹುಟ್ಟಿದ ಮಗುವಿನ ಕೈ ನೋಡಿದ ದಿನವೇ ಮೀನು ಬಿಟ್ಟಳು. ಕಡಲ ದಂಡೆಯ ಹೆಂಗಸು ಮೀನು ಬಿಡುವುದೆಂದರೆ ಹುಡುಗಾಟವಲ್ಲ. ಸಾಯುವ ತನಕ ನಲವತ್ತು ವರ್ಷ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಉಂಡಳು. ದೈವಕ್ಕೆ ತಪ್ಪುಕಾಣಿಕೆ ಇಟ್ಟದ್ದಕ್ಕೆ ಲೆಕ್ಕವೇ ಇಲ್ಲ.

"ನಾನ್ ಹೆರೂಕೆ ಗಂಡನ ಮನಿಗೇ ಹೋತೆ," ಎಂದಳು ಸುಗಂಧಿ. "ಹುಟ್ಟಿದ್ ಶಿಶುನ ನೀನ್ ಮುಟ್ಟೂಕಾಗ. ಮೀಸೂದೂ ಬ್ಯಾಡ."

ಮಗಳು ಹೆತ್ತಾಗ ಕೂಸಿಗೆ ಎಣ್ಣೆ ಹಚ್ಚಿ, ಕಾಲಮೇಲೆ ಮಲಗಿಸಿಕೊಂಡು ಮೀಯಿಸುವುದು ಅಜ್ಜಿಯ ಹಕ್ಕು. ಭಾಗಿ ಅದಕ್ಕಾಗಿ ಎರಡು ಬಾಟಲಿ ತೆಂಗಿನೆಣ್ಣೆ ಕಾಯಿಸಿಟ್ಟಿದ್ದಳು.   ಮಗಳು ಹೇಳಿದ್ದನ್ನೇ ಅವಳೂ ಒಳಗೊಳಗೆ ನಂಬಿದ್ದಳು. ಎರಡು ವರ್ಷದಲ್ಲಿ ಎಷ್ಟು ತೇಡೆಗಳ ಬಾಯಿ ಬರಿದು ಮಾಡಿದ್ದೇನೆ ಎಂದು ಎಣಿಸಲು ಹೋಗಿ ಎದೆ ಒಡೆದುಕೊಂಡಳು.

ಮರುದಿನ ಕೇಂದ್ರಕ್ಕೆ ಹೋದದ್ದು ಕೆಲಸ ಬಿಡಲೆಂದೇ.

"ನಾಳಿಂದ ನಾನ್ ಬತ್ತಿಲ್ಲೆ ಡಾಕ್ಟ್ರಮ್ಮ."

ಡಾಕ್ಟರು ಕುರ್ಚಿ ಎಳೆದು ಕೂರಿಸಿದರು. ಅಳು ಮುಗಿಯುವ ತನಕ ಕಾದರು. ಕತೆಯನ್ನೆಲ್ಲ ಕೇಳಿ, "ಶಾಪ ಗೀಪ ಏನೂ ಇಲ್ರೀ ಭಾಗಕ್ಕ," ಎಂದರು. "ಇದು ಪುಸ್ತಕದಾಗಿನ ಮಾತು. ನೀವು ಬಾಯಿ ತೊಳ್ಕೊಂಡು ಒಂದೀಟು ಉಗುಳು ಕೊಡ್ರಿ, ತೋರಸ್ತೀನಿ."

ಸಂಜೆಗೆ ತೋರಿಸಿದರು. ಆ ಕಡುನೀಲಿ ಸಾಲು ಇದೆಯಲ್ಲ, ರೆಕ್ಕೆಯ ಅಂಚಿನಲ್ಲೂ ಕೈಯ ಅಂಚಿನಲ್ಲೂ ಓದಲಾಗುವ ಸಾಲು, ಅದರಲ್ಲಿ ಒಂದು ಪದ ಒಂದರ ಹಿಂದೊಂದಾಗಿ ಹದಿನೈದು ಸಲ ಬರುತ್ತದೆ. ಡಾಕ್ಟರ ಪುಸ್ತಕದಲ್ಲೂ ಹದಿನೈದು. ಭಾಗಿಯಲ್ಲಿ ಮಾತ್ರ ಇಪ್ಪತ್ತೆರಡು.

"ಹಿರೇರ ಪುಸ್ತಕ ನಕಲು ಮಾಡೂವಾಗ ಕೈ ತಪ್ಪಿ ಅದ ಮಾತು ಏಳು ಸಲ ಹೆಚ್ಚಿಗೆ ಬರದಂಗ. ಅದಕ್ಕ ಬೆರಳು ಬ್ಯಾರೆ ಆಗೂ ಹೊತ್ತಿನಾಗ ಆ ಸಾಲು ತೊದಲತೈತಿ. ಅಷ್ಟ."

ಭಾಗಿ ತಲೆಯಾಡಿಸಿದಳು. "ಸರಿ. ಆರೆ ಆ ಏಳ್ ಸಲ ಹೆಚ್ಚ್ ಬರ್ದದ್ದ್ ಯಾರ್? ಮೀನೇ ಸಿಟ್ಟಲ್ಲ್ ಬರ್ಸಿರೆ?"

ಡಾಕ್ಟರು ನಗಲಿಲ್ಲ. ಅದು ಅವರ ಗುಣ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವುದನ್ನು ಅವರು ಬೇರೆಯವರಿಗೆ ಹೇಳಿ ಸುಮ್ಮನಾಗುವವರಲ್ಲ, ತಾವೂ ಪಾಲಿಸುವವರು. ತೊಟ್ಟಿಯ ಕಡೆ ತಿರುಗಿ, "ಹಂಗಂದ್ರ ಮೀನನ್ನ ಕೇಳೂಣ್ರಿ," ಎಂದರು.

ಪೆಟ್ಟಿಗೆಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಒಂದು ಜೀವಿಯ ಪುಸ್ತಕದಿಂದ ಒಂದೇ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಇನ್ನೊಂದರ ಮೊಟ್ಟೆಗೆ ಓದಲು ಕೊಡಬಲ್ಲದು. ಆ ಮೊಟ್ಟೆಯ ಸ್ವಂತ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಓದಬೇಕಾದ ದಿನಗಳಲ್ಲಿ ಓದಿ ಮುಗಿದ ಮೇಲೆ ಚೀಟಿ ಕರಗಿಹೋಗುತ್ತದೆ, ಯಾರ ಚೀಟಿ ಎಂಬ ಒಂದು ಗುರುತಷ್ಟೇ ಕೆಲವು ವಾರ ಉಳಿಯುತ್ತದೆ. ಹಳೆಯ ಮೀನುಗಳ ರೆಕ್ಕೆ ಹೇಗೆ ಕಾಲಾಯಿತು ಎಂದು ಕಂಡುಹಿಡಿಯಲು ಮಾಡಿಸಿದ ವಿದ್ಯೆ ಅದು. ಮನುಷ್ಯರ ಸಾಲನ್ನು ಮೀನಿಗೆ ಓದಿಸಲು ಮೇಲಿನ ಸಮಿತಿಯ ಒಪ್ಪಿಗೆ ಮೊದಲೇ ಬಂದಿತ್ತು. ಬೇಕಿದ್ದದ್ದು ಭಾಗಿಯ ಸಹಿ. ಅವಳು ಅದೇ ಬಲಗೈಯಲ್ಲಿ ಸಹಿ ಹಾಕಿದಳು.

ಒಂದೇ ಗಂಡಿನ ಬಾಯಿಂದ ಇಪ್ಪತ್ತನಾಲ್ಕು ಮೊಟ್ಟೆ ತೆಗೆದದ್ದಾಯಿತು. ಹನ್ನೆರಡಕ್ಕೆ ಭಾಗಿಯ ಸಾಲು. ಅದನ್ನೋದಿದ ಮರಿಗಳ ರೆಕ್ಕೆಯ ಕಡ್ಡಿಗಳೂ ಕೂಡಿಕೊಂಡರೆ ಅದು ಸಾಲಿನದೇ ಕೆಲಸ. ಇನ್ನು ಹನ್ನೆರಡಕ್ಕೆ ಡಾಕ್ಟರದೇ ಸಾಲು.

"ನಿಮ್ದ್ ಎಂತಕೆ?" ಎಂದಳು ಭಾಗಿ.

"ನಿಮ್ದೊಂದ ಕೊಟ್ರ, ಮನಷ್ಯಾರ ಚೀಟಿ ಅಂತನ ಕೆಟ್ಟಿತು ಅಂತಾರ ನಾಳೆ. ನಂದೂ ಇರಲಿ. ನಮ್ಮವ್ವಗ ಹೇಳಬ್ಯಾಡ್ರಿ ಮತ್ತ, ಮಗಳು ಮೀನಿನ ತಾಯಿ ಆದ್ಲು ಅಂತ."

ದಿನಗಳು ಉರುಳಿದವು. ಭಾಗಿ ಬೆಳಗಾದರೆ ಎರಡು ಗಾಜಿನ ತಟ್ಟೆಗಳ ಮುಂದೆ ನಿಲ್ಲುತ್ತಿದ್ದಳು. ಪಾರದರ್ಶಕ ಮೊಟ್ಟೆಯೊಳಗೆ ಹಳದಿ ಸೊನೆಗೆ ಅಂಟಿಕೊಂಡು ಮರಿಗಳು ಮಿಸುಕುತ್ತಿದ್ದವು. ಗುಂಡಿಗೆ ಬಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅವುಗಳೊಳಗೆ ತನ್ನ ಮಾತೊಂದು ಓಡಾಡುತ್ತಿದೆ ಎನ್ನುವುದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ದೊಡ್ಡ ತೊಟ್ಟಿಯಲ್ಲಿ ಆ ಮೊಟ್ಟೆಗಳ ಅಪ್ಪ ಇನ್ನೂ ಏನೂ ತಿನ್ನುತ್ತಿರಲಿಲ್ಲ. ಬಾಯಿ ಬರಿದಾಗಿ ವಾರ ಕಳೆದರೂ, ಮುಂದೆ ಹಾಕಿದ ಸಿಗಡಿಯನ್ನು ಮೂಸಿ ಕೂಡ ನೋಡದೆ, ತೊಟ್ಟಿಯ ಮೂಲೆಮೂಲೆಯಲ್ಲಿ ಹುಡುಕುತ್ತಿತ್ತು.

ಮನೆಯಲ್ಲಿ ಸುಗಂಧಿ ಬಟ್ಟೆ ಕಟ್ಟಲು ಶುರು ಮಾಡಿದ್ದಳು. ತಾಯಿ ಬಡಿಸಿದ್ದನ್ನು ಉಂಡು ಒಳಕೋಣೆ ಸೇರುತ್ತಿದ್ದಳು. ಗಂಡನ ದೋಣಿ ಮುಂದಿನ ಸಲ ಬಂದ ಮರುದಿನವೇ ಹೊರಡುವುದೆಂದು ನಿಶ್ಚಯವಾಗಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಡಾಕ್ಟರು ಉಡುಪಿಗೆ ಸಭೆಗೆ ಹೋಗಿದ್ದರು. ಭಾಗಿ ಬಂದು ನೋಡುವಾಗ ಒಂದೊಂದು ತಟ್ಟೆಯಲ್ಲೂ ಎರಡೆರಡು ಮೊಟ್ಟೆ ಬಿಳಿಚಿಕೊಂಡಿದ್ದವು. ಉಳಿದವುಗಳಲ್ಲೂ ಗುಂಡಿಗೆ ನಿಧಾನವಾಗುತ್ತಿತ್ತು. ಅವಳು ಎರಡು ವರ್ಷದಿಂದ ಇದನ್ನೇ ನೋಡಿದವಳು, ಸಂಜೆಗೆ ಒಂದೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಂದೆಲ್ಲ ಸತ್ತದ್ದು ಮೀನಿನ ಮೊಟ್ಟೆ. ಇಂದು ಸಾಯುತ್ತಿರುವುದು ತನ್ನ ಕೈ ಹೊತ್ತ ಮರಿಗಳು. ಅಂದು ನನ್ನ ಅಬ್ಬಿ ಅಂಗಳದಲ್ಲಿ ಚೆಲ್ಲಿದ್ದನ್ನು ನಾನು ಗಾಜಿನಲ್ಲಿ ಚೆಲ್ಲುತ್ತಿದ್ದೇನೆ ಅನಿಸಿತು. ಇದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ.

ಅವಳು ತಟ್ಟೆಗಳನ್ನೆತ್ತಿಕೊಂಡು ದೊಡ್ಡ ತೊಟ್ಟಿಗೆ ಹೋದಳು. ಗಂಡು ತೇಡೆಯನ್ನು ನೀರಿನೊಳಗೇ ಹಿಡಿದು ಬಾಯಿ ತೆರೆಸಿ, ಕೂಡಿದ ಬೆರಳಿನಿಂದ ಒಂದೊಂದೇ ಮೊಟ್ಟೆಯನ್ನು ಒಳಗಿಟ್ಟಳು. ತನ್ನವು ಹತ್ತು ಮುಗಿದ ಮೇಲೆ ಒಂದು ಗಳಿಗೆ ನಿಂತಳು. ಇನ್ನೊಂದು ತಟ್ಟೆಯಲ್ಲಿ ಡಾಕ್ಟರ ಹತ್ತು ಉಳಿದಿದ್ದವು. ಎಲೆ ಹಾಕಿ ಕೂರಿಸಿದ ಮೇಲೆ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಡಿಸದಿರುವುದು ಹೇಗೆ? ಅವನ್ನೂ ಅದೇ ಬಾಯಿಗೆ ಇಟ್ಟಳು. ಮೀನು ಬಾಯಿ ಮುಚ್ಚಿತು. ಕೆನ್ನೆ ಉಬ್ಬಿಸಿ ಮೊಟ್ಟೆಗಳನ್ನು ಒಮ್ಮೆ ಹೊರಳಿಸಿ, ತೊಟ್ಟಿಯ ತಳಕ್ಕೆ ಇಳಿದು ಮೊದಲ ಬಾರಿಗೆ ಸುಮ್ಮನೆ ನಿಂತಿತು.

ಮಧ್ಯಾಹ್ನ ಬಂದ ಡಾಕ್ಟರು ಖಾಲಿ ತಟ್ಟೆ ನೋಡಿದರು, ಭಾಗಿಯನ್ನು ನೋಡಿದರು. ಅವರ ಮುಖ ಕೆಂಪಾಗಿತ್ತು.

"ಎರಡೂ ಕೂಡಿಸಿಬಿಟ್ರ್ಯಾ? ಗುರುತು ಅಳಿಸಿ ಹೋದ್ರ ಯಾವುದು ನಿಮ್ದು, ಯಾವುದು ನಂದು ಅಂತ ಹೆಂಗ ಗೊತ್ತಾಗಬೇಕ್ರೀ? ಹನ್ನೆರಡು ದಿನದ ಕೆಲಸ ನೀರಾಗ ಹೋಮ ಆತಲ್ರೀ!"

"ನಂಗ್ ಪಂಕ್ತಿಭೇದ ಮಾಡೂಕೆ ಬತ್ತಿಲ್ಲೆ ಡಾಕ್ಟ್ರಮ್ಮ," ಎಂದಳು ಭಾಗಿ. ಬೈಗುಳಕ್ಕೆ ತಲೆಯೊಡ್ಡಿ ನಿಂತಳು.

ಡಾಕ್ಟರು ಬೈಯಲು ಬಾಯಿ ತೆರೆದವರು ತೊಟ್ಟಿಯ ಕಡೆ ನೋಡಿ ಹಾಗೇ ನಿಂತರು. ಗಂಡು ಮತ್ತೊಮ್ಮೆ ಕೆನ್ನೆ ಉಬ್ಬಿಸಿತು. ಒಳಗಿದ್ದುದೆಲ್ಲ ಒಂದು ಸುತ್ತು ಹೊರಳಿತು. ಇನ್ನೊಂದು ಗಳಿಗೆಗೆ ಇನ್ನೊಂದು ಸುತ್ತು.

"ಹೊರಳಸ್ತಾನ," ಎಂದರು ಡಾಕ್ಟರು ಮೆಲ್ಲನೆ. "ಇಡೀ ದಿನ ಹೊರಳಸ್ತಾನ. ನಾವು ತಟ್ಟ್ಯಾಗ ಒಂದ ಮಗ್ಗಲ ಮಲಗಿಸಿ ಕೊಂದ್ವಿ ಭಾಗಕ್ಕ." ಎರಡು ವರ್ಷ ಬಗೆಹರಿಯದ ತಲೆನೋವಿಗೆ ಮದ್ದು ಸಿಕ್ಕಿತ್ತು. ಆದರೂ ಆ ಸಂತೋಷಕ್ಕಿಂತ ನಾಚಿಕೆಯೇ ಅವರ ಮುಖದಲ್ಲಿ ಹೆಚ್ಚು ಕಂಡಿತು. ಆ ಬಾಯನ್ನು ಎರಡು ವಾರ ಯಾರೂ ಮುಟ್ಟಬಾರದು ಎಂದು ಬರೆದು ತೊಟ್ಟಿಗೆ ಅಂಟಿಸಿದರು.

ಎರಡು ವಾರ ಕಳೆದ ಮಧ್ಯಾಹ್ನ ಡಾಕ್ಟರು ಭಾಗಿಯ ಮನೆಗೇ ಬಂದರು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಅವರು ಮೂಗಿಗೆ ಸೆರಗು ತರಲಿಲ್ಲ, ಹಾಲಿಲ್ಲದ ಚಹಾ ಕೇಳಿ ಕುಡಿದರು. ಸುಗಂಧಿ ಒಳಕೋಣೆಯಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಅವಳ ಚೀಲ ಬಾಗಿಲ ಬಳಿಯೇ ಇತ್ತು, ಗಂಡ ಬೆಳಿಗ್ಗೆ ದಡ ಸೇರಿದ್ದ.

"ನಿಮ್ಮವ್ವ ನನ್ನ ಪ್ರಯೋಗ ಕೆಡಿಸ್ಯಾರ," ಎಂದರು ಡಾಕ್ಟರು. "ಅದನ್ನ ಸರಿ ಮಾಡಾಕ ಒಬ್ಬರ ಕಣ್ಣು ಬೇಕು. ನನ್ನ ಕಣ್ಣು ಆಗೂದಿಲ್ಲ, ನನಗ ಗೆಲ್ಲೂ ಆಸೆ ಐತಿ. ಅವರದೂ ಆಗೂದಿಲ್ಲ. ನಮ್ಮಿಬ್ಬರ ಮಾತೂ ನಂಬದವರು ಬೇಕು."

"ನಾನ್ ನಂಬೂದಿಲ್ಲೆ," ಎಂದಳು ಸುಗಂಧಿ.

"ಅದಕ್ಕ ಬಂದೀನಿ ತಂಗಿ."

ಅವಳು ತಾಯಿಯ ಮುಖ ನೋಡಲಿಲ್ಲ. ಆದರೆ ಚಪ್ಪಲಿ ಮೆಟ್ಟಿಕೊಂಡಳು.

ಭಾಗಿ ತೊಟ್ಟಿಯಲ್ಲಿ ಕೈಯಿಟ್ಟಳು. ಮೀನು ಬಾಯಿ ತೆರೆಯಿತು. ಒಳಗಿನಿಂದ ಬಂದದ್ದು ಮೊಟ್ಟೆಯಲ್ಲ, ಹೊಟ್ಟೆಗೆ ಇನ್ನೂ ಹಳದಿ ಗಂಟು ಕಟ್ಟಿಕೊಂಡ, ಮೀಸೆ ಮೂಡಿದ, ಕಣ್ಣು ಬಿಟ್ಟ ಮರಿ. ಆಮೇಲೆ ಇನ್ನೊಂದು. ಒಟ್ಟು ಹದಿನೇಳು ಬಂದವು. ಹನ್ನೆರಡನೆಯ ದಿನ ದಾಟಿದ ಮರಿಯನ್ನು ಆ ಕೇಂದ್ರದಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಡಾಕ್ಟರ ಕಣ್ಣಲ್ಲಿ ನೀರಾಡಿತು, ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಸುಗಂಧಿಯನ್ನು ದೊಡ್ಡ ಮಸೂರದ ಮುಂದೆ ಕೂರಿಸಿದರು. ಎದುರಿಗೆ ನೀರು ತುಂಬಿದ ಎರಡು ಬೋಗುಣಿ. ಒಂದೊಂದೇ ಮರಿಯನ್ನು ಮಸೂರದ ಕೆಳಗೆ ತಂದು, ಕಿವಿರಿನ ಹಿಂದಿನ ರೆಕ್ಕೆಯ ಕಡ್ಡಿಗಳು ಬಿಡಿಬಿಡಿಯಾಗಿದ್ದರೆ ಎಡಗಡೆ, ಕೂಡಿದ್ದರೆ ಬಲಗಡೆ ಬಿಡಬೇಕು. ಮೊದಲ ಮರಿಯ ರೆಕ್ಕೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತ್ತು. ಎಡಗಡೆ. ಎರಡನೆಯದೂ ಎಡಗಡೆ.

ಮೂರನೆಯದನ್ನು ನೋಡುವಾಗ ಅವಳು ಇನ್ನಷ್ಟು ಬಗ್ಗಿದಳು. ಬಹಳ ಹೊತ್ತು ಮಸೂರದಿಂದ ಕಣ್ಣು ತೆಗೆಯಲಿಲ್ಲ. ರೆಕ್ಕೆಯ ನಡುವಿನ ಎರಡು ಕಡ್ಡಿಗಳು ಬುಡದಿಂದ ತುದಿಯ ತನಕ ಒಂದಾಗಿದ್ದವು. ಅವಳು ತಲೆಯೆತ್ತಿ ತಾಯಿಯ ಕೈ ನೋಡಿದಳು. ಮತ್ತೆ ಬಗ್ಗಿ ಮರಿಯನ್ನು ನೋಡಿದಳು. ಅದನ್ನು ಬಲಗಡೆ ಬಿಟ್ಟಳು.

ಮುಗಿದಾಗ ಎಡಗಡೆ ಎಂಟು, ಬಲಗಡೆ ಒಂಬತ್ತು. ಡಾಕ್ಟರು ಎಂಟನ್ನೂ ಒಂದೊಂದಾಗಿ ಪೆಟ್ಟಿಗೆಯೊಳಗಿಟ್ಟು ಉಳಿದಿದ್ದ ಗುರುತು ನೋಡಿದರು. ಎಂಟೂ ಅವರ ಚೀಟಿ ಓದಿದವು. ಒಂಬತ್ತನ್ನೂ ಇಟ್ಟರು. ಒಂಬತ್ತೂ ಭಾಗಿಯದು. ಒಂದಾದರೂ ತಪ್ಪಿರಲಿಲ್ಲ. ಭಾಗಿ ಕೂಡಿಸಿದ್ದನ್ನು ಮೀನುಗಳೇ ತಮ್ಮ ರೆಕ್ಕೆಯಲ್ಲಿ ಬೇರೆ ಮಾಡಿಕೊಟ್ಟಿದ್ದವು.

ಪರದೆಯ ಮೇಲೆ ಒಂದು ಮರಿ ನಿಂತಿತ್ತು. ರೆಕ್ಕೆಯ ಅಂಚಿನಲ್ಲಿ ಆ ಕಡುನೀಲಿ ಕೊನೆಯ ಬಾರಿಗೆ ಮಿಣುಕುತ್ತಿತ್ತು.  ಡಾಕ್ಟರು ಅದನ್ನು ತೋರಿಸಿ ಹೇಳಿದರು.

"ಈ ಮೀನಿಗೂ ನಮಗೂ ಒಬ್ಬಾವ ಹಿರಿಯ ಇದ್ದ. ನಲವತ್ಮೂರು ಕೋಟಿ ವರ್ಷದ ಹಿಂದ. ಆವಾಗ ಭೂಮಿ ಮ್ಯಾಲ ನಡಿಯೂ ಪ್ರಾಣಿ ಅನ್ನೂದು ಇರಲಿಲ್ಲ. ಕೈ ಇಲ್ಲ, ಕಾಲಿಲ್ಲ, ಗಿಡ ಸೈತ ಆಳೆತ್ತರ ಬೆಳದಿರಲಿಲ್ಲ. ಆ ಹಿರ್ಯಾನ ಪುಸ್ತಕದಾಗ ಈ ಸಾಲು ಇತ್ತು. ಅವನ ಮಕ್ಕಳೊಳಗ ಒಂದು ಪಾಲು ನೀರಾಗ ಉಳೀತು, ಒಂದು ಪಾಲು ದಂಡಿಗೆ ಬಂತು. ಇಬ್ರೂ ಮತ್ತ ಭೆಟ್ಟಿ ಆಗಲೇ ಇಲ್ಲ. ಆದ್ರೂ ನೋಡ್ರಿ, ನಿಮ್ಮ ಮಾತು ಕೊಟ್ರ ಅದು ಓದತೈತಿ. ತೊದಲಿದ್ದನ್ನ ತೊದಲಿದಂಗ ಓದತೈತಿ. ಅರ್ಥ ಮರತಿಲ್ಲ."

ಭಾಗಿಗೆ ಕೋಟಿಯ ಲೆಕ್ಕ ತಿಳಿಯಲಿಲ್ಲ. ತಿಳಿಯುವುದು ಯಾರಿಗೆ? ಆದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಓದಲೊಲ್ಲದ ಈ ಕೈಯನ್ನು, ನಲವತ್ತಮೂರು ಕೋಟಿ ವರ್ಷ ಮುಖ ಕಾಣದ ನೆಂಟನೊಬ್ಬ ತಡವರಿಸದೆ ಓದಿದ್ದು ಅವಳ ಕಣ್ಣೆದುರಿಗಿತ್ತು. ಕಡಲು ಎಂದರೆ ಇಷ್ಟು ದಿನ ಹೊಟ್ಟೆಪಾಡು, ಹೆದರಿಕೆ, ದೈವ. ಇಂದು ಅದು ತವರು. 

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಅದನ್ನು ಡಾಕ್ಟರೂ ಯೋಚಿಸಿರಲಿಲ್ಲ.

"ಸುಗಂಧಿ," ಎಂದಳು. "ಮೀನ್ ಶಾಪ ಹಾಕಿ ನನ್ ಬೆರಳ್ ಕೂಡ್ಸಿದ್ದಾರೆ, ತನ್ ಮರಿದ್ದೂ ಕೂಡ್ಸಿತ್ತಾ? ಯಾವ್ ಮೀನಾರೂ ತನ್ ಮರಿಗ್ ತಾನೇ ಶಾಪ ಹಾಕ್ತಾ, ಹೇಳ್ ಕಾಂಬ?"

 ಬಲಗಡೆಯ ಬೋಗುಣಿಯಲ್ಲಿ ಒಂಬತ್ತು ಮರಿಗಳು ಕೂಡಿದ ರೆಕ್ಕೆ ಬೀಸುತ್ತ ಈಜುತ್ತಿದ್ದವು. ಎಡಗಡೆಯವಕ್ಕಿಂತ ಒಂದಿಷ್ಟೂ ಹಿಂದೆ ಬಿದ್ದಿರಲಿಲ್ಲ. ಸುಗಂಧಿ ಅವನ್ನೇ ನೋಡುತ್ತ ಕುಳಿತಳು. ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು.

ಅತ್ತದ್ದು ಭಾಗಿ. ಗೆದ್ದದ್ದಕ್ಕಲ್ಲ. "ನನ್ ಅಬ್ಬಿ ನಲವತ್ತ್ ವರ್ಷ ಬರೀ ಗಂಜಿ ಉಂಡ್ಳ್ ಡಾಕ್ಟ್ರಮ್ಮ," ಎಂದಳು. "ಸಾಯೂ ದಿನವೂ ನನ್ ಕೈ ಹಿಡ್ಕಂಡ್ ತಪ್ಪಾಯ್ತ್ ಮಗಾ ಅಂದ್ಳ್. ಅವ್ಳ್ ತಪ್ಪ್ ಎಂತದೂ ಇರ್ಲಿಲ್ಲೆ. ಅದನ್ನ ಅವ್ಳಿಗ್ ಹೇಳೂಕೆ ಈಗ ಯಾರ್ ಹ್ವಾತ್ರ್?"

ಡಾಕ್ಟರ ಬಳಿ ಅದಕ್ಕೆ ಪೆಟ್ಟಿಗೆಯಿರಲಿಲ್ಲ. ಅವರು ಭಾಗಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತರು.

ಸುಗಂಧಿ ಎದ್ದು ಬಂದಳು. ತಾಯಿಯ ಬಲಗೈಯನ್ನು ಸೆರಗಿನಿಂದ ಹೊರಗೆಳೆದು, ಸ್ಕ್ಯಾನಿನ ಪರದೆ ನೋಡಿದ್ದ ಹಾಗೆಯೇ ಹತ್ತಿರದಿಂದ, ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಹುಟ್ಟಿದಂದಿನಿಂದ ತನ್ನನ್ನು ಎತ್ತಿ ಆಡಿಸಿದ ಆ ಕೈಯನ್ನು ಅವಳು ಹಾಗೆ ನೋಡಿದ್ದು ಅದೇ ಮೊದಲು.

"ಅಬ್ಬಿ," ಎಂದಳು, "ಗಂಡ ಬಂದ್ರೆ ಚೀಲ ಒಳ್ಗ್ ಇಡೂಕ್ ಹೇಳ್ತೆ. ಶಿಶುನ ನೀನೇ ಮೀಸ್ಕ್. ಈ ಕೈಯಲ್ಲೇ ಮೀಸ್ಕ್."